ಸಿ4 ಆಡಿದರೂ ಆಟ ಡಿ4 ಕಡೆಗೇ ಯಾಕೆ ಹೋಗುತ್ತದೆ?

ಪ್ರಶ್ನೆ: ಸರ್, ನಾನು ಬಾಗಲಕೋಟೆ ನವನಗರದವನು. ರಜೆ ಸಿಕ್ಕಾಗ ರಾಪಿಡ್ (ಕಡಿಮೆ ಸಮಯದ) ಚೆಸ್ ಟೂರ್ನಮೆಂಟುಗಳಿಗೆ ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರದವರೆಗೂ ಹೋಗುತ್ತೇನೆ. ರೇಟಿಂಗ್ 1550ರ ಆಸುಪಾಸು. ಬಿಳಿ ಬಂದರೆ 1.ಸಿ4 ಆಡುತ್ತೇನೆ, ಅಂದರೆ ಮೊದಲ ನಡೆಯಲ್ಲಿ ಸಿ ಸಾಲಿನ ಪ್ಯಾದೆಯನ್ನು ಎರಡು ಮನೆ ಮುಂದೆ ತಳ್ಳುತ್ತೇನೆ. ಡಿ4 ಓಪನಿಂಗುಗಳನ್ನೆಲ್ಲ ಓದುವಷ್ಟು ಟೈಮ್ ಇಲ್ಲ ಅಂತಲೇ ಇದನ್ನು ಹಿಡಿದದ್ದು. ಆದರೆ ಎದುರಿನವರು ಇ6, ಡಿ5 ಆಡಿದರೆ ಕ್ವೀನ್ಸ್ ಗ್ಯಾಂಬಿಟ್ ಆಗಿಬಿಡುತ್ತದೆ. ಜಿ6 ಆಡಿದರೆ ಕಿಂಗ್ಸ್ ಇಂಡಿಯನ್. ಮೊನ್ನೆ ಒಬ್ಬ ಹುಡುಗ 1...ಸಿ6 ಆಡಿದ, ನಾನು 2.ಇ4 ಆಡಿದೆ, ನೋಡಿದರೆ ಕ್ಯಾರೋ-ಕಾನ್! ಹೀಗೆ ಬೇರೆ ಕ್ರಮದ ನಡೆಗಳಿಂದ ಇನ್ನೊಂದು ಓಪನಿಂಗಿನ ಪೊಸಿಷನ್‌ಗೆ ಹೋಗಿ ಸೇರುವ ಈ ಟ್ರಾನ್ಸ್‌ಪೊಸಿಷನ್‌ಗಳನ್ನು ತಪ್ಪಿಸುವುದು ಹೇಗೆ? ಎಲ್ಲ ಬಿಟ್ಟು 1.ಇ4ಗೆ ಹೋಗಿಬಿಡಲಾ?

ಉತ್ತರ: ನೀವು ಬರೆದ ಮೂರೂ ಉದಾಹರಣೆಗಳನ್ನು ಬೋರ್ಡಿನ ಮೇಲೆ ಇಟ್ಟು ನೋಡಿದೆ. ಮೂರರಲ್ಲೂ ಆಟವನ್ನು ಆ ಕಡೆಗೆ ತಿರುಗಿಸಿದ ನಡೆ ನಿಮ್ಮದೇ. ಕ್ಯಾರೋ-ಕಾನ್ ಆಗಿದ್ದು ನೀವು 2.ಇ4 ಆಡಿದ್ದರಿಂದ. ಕಿಂಗ್ಸ್ ಇಂಡಿಯನ್ ಆಗಬೇಕಾದರೆ ಬಿಳಿ ಡಿ4 ಆಡಲೇಬೇಕು. ಕ್ವೀನ್ಸ್ ಗ್ಯಾಂಬಿಟ್ಟಿಗೂ ಅದೇ ಮಾತು. ಎದುರಿನವರು ಬಾಗಿಲು ತೆರೆದಿಟ್ಟಿದ್ದಾರೆ, ಒಳಗೆ ಹೋದವರು ನೀವು. ಇದನ್ನು ಬೈಗುಳ ಅಂತ ತಿಳಿಯಬೇಡಿ. ನಿಮಗೆ ಇದು ಒಳ್ಳೆಯ ಸುದ್ದಿ. ನಿಮ್ಮ ಕೈಯಿಂದಲೇ ಆಗುತ್ತಿರುವುದನ್ನು ನಿಲ್ಲಿಸುವುದೂ ನಿಮ್ಮ ಕೈಯಲ್ಲೇ ಇದೆ.

ಬೇಡದ ಟ್ರಾನ್ಸ್‌ಪೊಸಿಷನ್ ಎದುರಾದಾಗ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಆಟ ತಿರುಗಿದ್ದು ಯಾವ ನಡೆಯಲ್ಲಿ, ಆ ನಡೆ ಯಾರದು? ಕಪ್ಪಿನದಾದರೆ ಅದನ್ನು ತಡೆಯಲು ಆಗುವುದಿಲ್ಲ, ಆ ಪೊಸಿಷನ್ ಕಲಿಯಲೇಬೇಕು. ನಿಮ್ಮದಾದರೆ ಆ ನಡೆ ಬಿಟ್ಟು ಬೇರೆ ಆಡಬಹುದು. ಆದರೆ ಬೇರೆ ನಡೆಗೂ ಒಂದು ಬೆಲೆ ಇರುತ್ತದೆ. ಆ ಬೆಲೆ ಎಷ್ಟು, ಅದನ್ನು ಕೊಡಲು ನೀವು ತಯಾರಿದ್ದೀರಾ, ಇಷ್ಟನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಬೇಕು. ಗಡಿಯಾರ ಓಡುತ್ತಿರುವಾಗ ತೀರ್ಮಾನ ಮಾಡಲು ಹೋದರೆ ಕೈ ತಾನಾಗೇ ಡಿ ಪ್ಯಾದೆಯ ಕಡೆ ಹೋಗುತ್ತದೆ.

ಈಗ ಇ6, ಡಿ5 ವಿಷಯ. ನಿಮ್ಮ ತಲೆನೋವಿನ ಮುಖ್ಯ ಕಾರಣ ಇದೇ ಇರಬೇಕು, ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ನೀವು ಬಹುಶಃ 1.ಸಿ4 ಇ6 2.ಕುದುರೆ ಸಿ3 ಡಿ5 ಅಂತ ಆಡುತ್ತಿದ್ದೀರಿ (ಪ್ರತಿ ಸಂಖ್ಯೆಯ ನಂತರ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು; ಮೂರು ಚುಕ್ಕೆ ಇದ್ದರೆ ಕಪ್ಪಿನ ನಡೆ; × ಅಂದರೆ ಹೊಡೆತ). ಇಲ್ಲಿ ಎಡವಟ್ಟು ಶುರುವಾಗುವುದು ಡಿ4ನಿಂದಲ್ಲ, ಅದಕ್ಕೂ ಮೊದಲು ಸಿ3ಗೆ ಬಂದ ಕುದುರೆಯಿಂದ. ಈಗ ನೀವು ಡಿ4 ಆಡದೆ 3.ಜಿ3 ಅಂತ ಸುಮ್ನೆ ಒಂದು ನಡೆ ಆಡಿದರೆ, ಕಪ್ಪು 3...ಡಿ4 ಅಂತ ಪ್ಯಾದೆ ಮುಂದಕ್ಕೆ ತಳ್ಳುತ್ತದೆ. ಕುದುರೆ ಎದ್ದು ಹೋಗಬೇಕು. ಕಪ್ಪಿಗೆ ಜಾಗವೂ ಸಿಕ್ಕಿತು, ಒಂದು ನಡೆಯೂ ಸಿಕ್ಕಿತು. ಅದು ಬೇಡ ಅಂತ ನೀವೇ 3.ಡಿ4 ಆಡುತ್ತೀರಿ, ಅಥವಾ 3.ಸಿ×ಡಿ5 ಇ×ಡಿ5 4.ಡಿ4 ಆಡುತ್ತೀರಿ. ಎರಡೂ ಕ್ವೀನ್ಸ್ ಗ್ಯಾಂಬಿಟ್ಟೇ. ಅಂದರೆ ನಿರ್ಧಾರ ಆಗಿಹೋದದ್ದು ಎರಡನೇ ನಡೆಯಲ್ಲಿ. ಮೂರನೇ ನಡೆಯಲ್ಲಿ ನಿಮಗೆ ಅದು ಕಾಣಿಸಿತು, ಅಷ್ಟೇ.

ಎರಡನೇ ನಡೆಯಲ್ಲಿ ಕುದುರೆ ಬದಲು 2.ಜಿ3 ಆಡಿ ನೋಡಿ. 2...ಡಿ5 3.ಒಂಟೆ ಜಿ2. ಈಗ ಕಪ್ಪು ಸಿ4 ಪ್ಯಾದೆ ಹೊಡೆದರೆ 4.ವಜೀರ ಎ4 ಚೆಕ್. ಚೆಕ್ ತಪ್ಪಿಸಲು ಕಪ್ಪು ಬಿ5 ಬಿಟ್ಟು ಬೇರೆ ಏನೇ ಅಡ್ಡ ತಂದರೂ (ಬಿ5 ಆಡಿದರೆ ನಿಮ್ಮ ಒಂಟೆ ಎ8ರ ಆನೆಯನ್ನೇ ಹೊಡೆಯುತ್ತದೆ) ಮುಂದಿನ ನಡೆಗೆ ವಜೀರ ಸಿ4ರಲ್ಲಿ ಪ್ಯಾದೆಯನ್ನು ವಾಪಸ್ ತೆಗೆದುಕೊಳ್ಳುತ್ತಾನೆ. ಕಪ್ಪು ಹೊಡೆಯದೆ ಕುದುರೆ ಎಫ್6, ಒಂಟೆ ಇ7, ಕ್ಯಾಸ್ಲಿಂಗ್ ಅಂತ ಆಡಿದರೆ ನೀವು ಕುದುರೆ ಎಫ್3, ಕ್ಯಾಸ್ಲಿಂಗ್, ಬಿ3, ಒಂಟೆ ಬಿ2. ಡಿ ಪ್ಯಾದೆ ಮನೆಯಲ್ಲೇ ಕೂತಿರಲಿ. ಇದು ರೇಟಿ ಮಾದರಿಯ ಆಟ. ಇಲ್ಲಿ ಡಿ4 ಆಡಿದರೆ ಕ್ಯಾಟಲಾನ್ ಆಗುತ್ತದೆ. ಆಡುವುದೂ ಬಿಡುವುದೂ ನಿಮ್ಮಿಷ್ಟ.

ಬೆಲೆ ಎಲ್ಲಿದೆ? 3...ಡಿ4ನಲ್ಲಿ. ಸಿ3ರಲ್ಲಿ ಕುದುರೆ ಇಲ್ಲದ್ದರಿಂದ ಕಪ್ಪಿಗೆ ಪುಕ್ಕಟೆ ನಡೆ ಸಿಗುವುದಿಲ್ಲ, ಆದರೆ ಜಾಗ ಸಿಗುತ್ತದೆ. ಆಗ 4.ಕುದುರೆ ಎಫ್3 ಸಿ5 5.ಇ3 ಕುದುರೆ ಸಿ6 6.ಇ×ಡಿ4 ಸಿ×ಡಿ4 7.ಡಿ3. ಬೋರ್ಡ್ ತಿರುಗಿಸಿ ನೋಡಿದರೆ ಇದು ಬೆನೋನಿ. ಬೆನೋನಿಯಲ್ಲಿ ಕಪ್ಪು ಆಡುವ ಆಟವನ್ನು ನೀವು ಒಂದು ನಡೆ ಜಾಸ್ತಿ ಇಟ್ಟುಕೊಂಡು ಆಡುತ್ತೀರಿ. ಆನೆ ಇ1ಕ್ಕೆ, ಸಮಯ ನೋಡಿ ಬಿ4. ಕೆಲವರಿಗೆ ಎದುರಾಳಿಯ ಪ್ಯಾದೆ ತಮ್ಮ ಕಡೆ ನುಗ್ಗಿ ಕೂತರೆ ಉಸಿರು ಕಟ್ಟಿದ ಹಾಗಾಗುತ್ತದೆ. ನೀವು ಅಂಥವರಾದರೆ 2.ಜಿ3 ನಿಮಗಲ್ಲ.

ಅಂಥವರಿಗೆ ಇನ್ನೊಂದು ದಾರಿ ಇದೆ. 2.ಕುದುರೆ ಸಿ3 ಡಿ5 3.ಸಿ×ಡಿ5 ಇ×ಡಿ5 4.ಡಿ4 ಕುದುರೆ ಎಫ್6 5.ಒಂಟೆ ಜಿ5 ಅಂತ ಬೇಕೆಂದೇ ಒಳಗೆ ಹೋಗುವುದು. ಇದು ಕ್ವೀನ್ಸ್ ಗ್ಯಾಂಬಿಟ್ಟಿನ ಎಕ್ಸ್‌ಚೇಂಜ್ ವೇರಿಯೇಷನ್. ಅದೂ ಬಿಳಿಗೆ ತುಂಬ ಅನುಕೂಲವಾದ ರೂಪ, ಯಾಕೆಂದರೆ ರಾಜನ ಕಡೆಯ ಕುದುರೆ ಇನ್ನೂ ಎಫ್3ಗೆ ಬಂದಿಲ್ಲ. ಬೇಕಾದರೆ ಅದನ್ನು ಇ2ಗೆ ತಂದು, ಎಫ್3 ಆಡಿ, ನಡುವೆ ಇ4 ತಳ್ಳುವ ಯೋಜನೆ ಮಾಡಬಹುದು. ಇಲ್ಲವಾದರೆ ಬಿ4, ಬಿ5 ಅಂತ ವಜೀರನ ಕಡೆ ಪ್ಯಾದೆ ಒಯ್ದು ಕಪ್ಪಿನ ಸಿ6 ಕೆಡಿಸಬಹುದು. ಕಲಿಯಬೇಕಾದ್ದು ಒಂದೇ ಪ್ಯಾದೆ ರಚನೆ, ಅದು ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ. ನನ್ನ ಹತ್ತಿರ ಕಲಿಯಲು ಬರುವ ಹೈಸ್ಕೂಲ್ ಮಕ್ಕಳಿಗೆ ನಾನು ಇದನ್ನೇ ಹೇಳುತ್ತೇನೆ. ನಿಮಗೆ ಮಾತ್ರ 2.ಜಿ3 ಹೇಳುತ್ತೇನೆ. ಡಿ4 ಓದಲು ಟೈಮ್ ಇಲ್ಲ ಅಂತ ನೀವೇ ಬರೆದಿದ್ದೀರಿ, ನಿಧಾನದ ಆಟ ನಿಮಗೆ ಇಷ್ಟ ಅನ್ನುವುದೂ ಅದರಿಂದ ಗೊತ್ತಾಗುತ್ತದೆ. ಎರಡರಲ್ಲಿ ಯಾವುದನ್ನಾದರೂ ಹಿಡಿಯಿರಿ. ಒಂದು ಭಾನುವಾರ ಅದು, ಮುಂದಿನ ಭಾನುವಾರ ಇದು ಅಂತ ಮಾಡಬೇಡಿ.

ಹಾಗಾದರೆ ಸಿ6ಗೂ ಇದೇ ಜಿ3 ಆಡಿದರೆ ಆಯ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಇಲ್ಲೇ ಹುಷಾರಾಗಿರಬೇಕು. 1.ಸಿ4 ಸಿ6 2.ಜಿ3 ಡಿ5 3.ಕುದುರೆ ಎಫ್3 ಕುದುರೆ ಎಫ್6 4.ಒಂಟೆ ಜಿ2 ಡಿ×ಸಿ4. ಈಗ ವಜೀರ ಎ4ಗೆ ಬಂದರೆ ಚೆಕ್ ಆಗುವುದಿಲ್ಲ, ಸಿ6 ಪ್ಯಾದೆ ಅಡ್ಡ ನಿಂತಿದೆ. ಕಪ್ಪು ಬಿ5 ಆಡಿ ವಜೀರನನ್ನೇ ಓಡಿಸುತ್ತದೆ. ನಿಮ್ಮ ಜಿ2 ಒಂಟೆಯ ದಾರಿಗೆ ನಿಮ್ಮದೇ ಎಫ್3 ಕುದುರೆ ಅಡ್ಡ. ಆ ಒಂದು ಪ್ಯಾದೆ ವಾಪಸ್ ತೆಗೆಯಲು ಒದ್ದಾಡಬೇಕು, ನೀವು ಕೇಳದೇ ಇದ್ದರೂ ಆಟ ಗ್ಯಾಂಬಿಟ್ (ಪ್ಯಾದೆ ಬಲಿ ಕೊಟ್ಟು ಆಡುವ ಆಟ) ಆಗುತ್ತದೆ. ಆ ಗ್ಯಾಂಬಿಟ್ ಆಡುವ ದೊಡ್ಡ ಆಟಗಾರರಿದ್ದಾರೆ. ಆದರೆ ರಾಪಿಡ್‌ನಲ್ಲಿ, ಓದಿರದ ಪೊಸಿಷನ್‌ನಲ್ಲಿ, ಪ್ಯಾದೆ ಕಳೆದುಕೊಂಡು ಕೂರುವುದು ನಿಮಗೆ ಬೇಡ.

ಆದ್ದರಿಂದ ಸಿ6ಗೆ 2.ಕುದುರೆ ಎಫ್3 ಡಿ5 3.ಬಿ3. ಸಿ4 ಹೊಡೆದರೆ ಬಿ ಪ್ಯಾದೆಯಿಂದ ವಾಪಸ್ ಹೊಡೆಯಿರಿ. ಆಮೇಲೆ ಜಿ3, ಒಂಟೆ ಜಿ2, ಒಂಟೆ ಬಿ2, ಮೇಲೆ ಹೇಳಿದ ಅದೇ ಮನೆಗಳು. ಕಪ್ಪಿಗೆ ಒಂಟೆಯನ್ನು ಎಫ್5ಗೋ ಜಿ4ಗೋ ತರುವ ಅನುಕೂಲ ಇದೆ, ಅದು ಒಳ್ಳೆಯ ಆಟವೇ, ತರಲಿ ಬಿಡಿ. ನಿಮಗೆ ಪರಿಚಯವಿರುವ ಪೊಸಿಷನ್ ಸಿಕ್ಕಿತಲ್ಲ, ಅದು ಮುಖ್ಯ.

1...ಕುದುರೆ ಎಫ್6 2.ಜಿ3 ಸಿ6 ಅಂತ ಬಂದರೂ ಇದೇ ಸೂತ್ರ. ಆದರೆ ಕ್ರಮ ನೋಡಿಕೊಳ್ಳಿ: 3.ಕುದುರೆ ಎಫ್3 ಮೊದಲು, ಒಂಟೆ ಆಮೇಲೆ. 3.ಒಂಟೆ ಜಿ2 ಡಿ5 4.ಬಿ3 ಅಂತ ಆಡಿದರೆ 4...ಡಿ×ಸಿ4 5.ಬಿ×ಸಿ4 ವಜೀರ ಡಿ4! ಒಂದೇ ಏಟಿಗೆ ಎ1ರ ಆನೆಯ ಮೇಲೂ ಕಣ್ಣು, ಸಿ4 ಪ್ಯಾದೆಯ ಮೇಲೂ ಕಣ್ಣು. ಕುದುರೆ ಸಿ3 ಆಡಿ ಆನೆ ಉಳಿಸಿಕೊಂಡರೆ ಪ್ಯಾದೆ ಹೋಗುತ್ತದೆ. ಕುದುರೆ ಮೊದಲೇ ಎಫ್3ರಲ್ಲಿ ಇದ್ದರೆ ಡಿ4 ಮನೆಗೆ ಕಾವಲು ಇರುತ್ತದೆ, ವಜೀರ ಅಲ್ಲಿಗೆ ಬರುವ ಹಾಗೇ ಇಲ್ಲ. ನಡೆಗಳ ಕ್ರಮ ಅಂದರೆ ಪುಸ್ತಕದ ಪಾಠ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲಿ ನೋಡಿ, ಒಂದು ಕ್ರಮದಲ್ಲಿ ಪ್ಯಾದೆ ಹೋಗುತ್ತದೆ, ಇನ್ನೊಂದರಲ್ಲಿ ಉಳಿಯುತ್ತದೆ.

ಇನ್ನು ನೀವು ಸಿ6ಗೆ ಆಡಿದ 2.ಇ4. ಅದು ಕೆಟ್ಟ ನಡೆ ಏನಲ್ಲ. 2...ಡಿ5 3.ಇ×ಡಿ5 ಸಿ×ಡಿ5 4.ಡಿ4 ಆದರೆ ಕ್ಯಾರೋ-ಕಾನ್‌ನ ಪಾನೋವ್ ದಾಳಿ. ಅಲ್ಲಿ ಬಿಳಿಗೆ ಬಹಳ ಸಲ ಒಂಟಿ ಡಿ ಪ್ಯಾದೆ ಉಳಿಯುತ್ತದೆ, ಕಾಯಿಗಳು ಚುರುಕಾಗಿ ಓಡಾಡಬೇಕು, ದಾಳಿ ಮಾಡಬೇಕು. ಅದನ್ನು ಇಷ್ಟಪಡುವವರು ಬೇಕೆಂದೇ ಈ ದಾರಿ ಹಿಡಿಯುತ್ತಾರೆ. ಆದರೆ ಕ್ಯಾರೋ-ಕಾನ್ ಆಡುವ ಹುಡುಗ ಅದನ್ನು ಕೋಚ್ ಹತ್ತಿರ ಕೂತು ಕಲಿತಿರುತ್ತಾನೆ. ನಮ್ಮ ಬೆಳಗಾವಿಗೆ ಬರುವ ಸಾಂಗ್ಲಿ, ಕೊಲ್ಹಾಪುರದ ಮಕ್ಕಳನ್ನು ನೀವೂ ನೋಡಿದ್ದೀರಿ. ಅವರಿಗೆ ಚೆನ್ನಾಗಿ ಗೊತ್ತಿರುವ ಜಾಗಕ್ಕೆ ನೀವು ಗೊತ್ತಿಲ್ಲದೆ ಹೋಗಿ ನಿಂತರೆ ಮೊದಲ ಹತ್ತು ನಿಮಿಷದಲ್ಲೇ ಗಡಿಯಾರದಲ್ಲಿ ಹಿಂದೆ ಬೀಳುತ್ತೀರಿ.

ಕಿಂಗ್ಸ್ ಇಂಡಿಯನ್ ಮೂರರಲ್ಲಿ ಅತಿ ಸುಲಭ. 1.ಸಿ4 ಕುದುರೆ ಎಫ್6 2.ಜಿ3 ಜಿ6 3.ಒಂಟೆ ಜಿ2 ಒಂಟೆ ಜಿ7 4.ಕುದುರೆ ಸಿ3 ಕ್ಯಾಸ್ಲಿಂಗ್ 5.ಇ4 ಡಿ6 6.ಜಿ1ರ ಕುದುರೆ ಇ2, ಆಮೇಲೆ ಡಿ3, ಕ್ಯಾಸ್ಲಿಂಗ್. 1948ರಲ್ಲಿ ವಿಶ್ವ ಚಾಂಪಿಯನ್ ಆದ ಬೋಟ್ವಿನಿಕ್ ಹೆಸರಿನ ವ್ಯೂಹ ಇದು. ಡಿ ಪ್ಯಾದೆ ಡಿ3ರಲ್ಲೇ ನಿಲ್ಲುತ್ತದೆ, ಹಾಗಾಗಿ ಕಪ್ಪು ತಲೆಕೆಳಗಾಗಿ ನಿಂತರೂ ಇದು ಕಿಂಗ್ಸ್ ಇಂಡಿಯನ್‌ನ ಮುಖ್ಯ ದಾರಿಗೆ ಹೋಗುವುದಿಲ್ಲ. ಬೆಲೆ ಏನೆಂದರೆ ಡಿ4 ಮನೆಯಲ್ಲಿ ತೂತು. ಸಿ4, ಇ4 ಎರಡೂ ಮುಂದೆ ಹೋಗಿರುವುದರಿಂದ ಡಿ4ನ್ನು ಪ್ಯಾದೆ ಕಾಯುವುದಿಲ್ಲ. ಕಪ್ಪಿನ ಕುದುರೆ ಸಿ6ಗೆ ಬಂದು ಅಲ್ಲಿಗೆ ಹಾರಲು ನೋಡುತ್ತಿರುತ್ತದೆ. ಇ2ನಲ್ಲಿ ಕುದುರೆ ಇಡುವುದು ಅದಕ್ಕೇ. ಎಫ್3ಗೆ ತಂದರೆ ನಿಮ್ಮ ಎಫ್ ಪ್ಯಾದೆಯ ದಾರಿಯೂ ಕಟ್ಟುತ್ತದೆ.

1...ಎಫ್5 ಬಂದರೆ ಹೆಚ್ಚು ಯೋಚನೆ ಬೇಡ. ಜಿ3, ಒಂಟೆ ಜಿ2, ಕುದುರೆ ಸಿ3, ಡಿ3, ಸಮಯ ನೋಡಿ ಇ4.

1...ಸಿ5 ವಿಷಯದಲ್ಲಿ ಒಂದು ಮಾತು. ಟ್ರಾನ್ಸ್‌ಪೊಸಿಷನ್ ಅಂದ ಕೂಡಲೇ ಬಿಳಿಗೆ ನಷ್ಟ ಅಂತಲ್ಲ. 1.ಸಿ4 ಸಿ5 2.ಕುದುರೆ ಎಫ್3 ಕುದುರೆ ಸಿ6 3.ಡಿ4 ಸಿ×ಡಿ4 4.ಕುದುರೆ×ಡಿ4 ಆದ ಮೇಲೆ ಕಪ್ಪು 4...ಜಿ6 ಆಡಿದರೆ 5.ಇ4. ಇದು ಸಿಸಿಲಿಯನ್‌ನ ಆ್ಯಕ್ಸಿಲರೇಟೆಡ್ ಡ್ರ್ಯಾಗನ್, ಅದರಲ್ಲೂ ಮಾರೋಜಿ ಬೈಂಡ್. ಸಿ4, ಇ4 ಪ್ಯಾದೆಗಳು ಡಿ5ನ್ನು ಬಿಗಿಯಾಗಿ ಹಿಡಿದಿವೆ. ಇಲ್ಲಿ ಜಾಗ ನಿಮ್ಮದು, ಇಕ್ಕಟ್ಟು ಅವರದು. ಸಿಸಿಲಿಯನ್ ಆಡದ ಕಪ್ಪು ಆಟಗಾರ ಇಲ್ಲಿ ಬಂದು ಸಿಕ್ಕಿಕೊಂಡರೆ ಬೇಡದ ಟ್ರಾನ್ಸ್‌ಪೊಸಿಷನ್ ಅನುಭವಿಸುವವನು ಅವನೇ.

ಇದನ್ನೇ ಆಯುಧ ಮಾಡಿಕೊಂಡ ದೊಡ್ಡ ಉದಾಹರಣೆ 1972ರದು. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಸ್ಪಾಸ್ಕಿ ಎದುರು ಅಮೆರಿಕದ ಬಾಬಿ ಫಿಷರ್ ಆಡಿದ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಆಟ. ಹೆಚ್ಚುಕಡಿಮೆ ಯಾವಾಗಲೂ ಇ4 ಆಡುತ್ತಿದ್ದ ಫಿಷರ್ ಅವತ್ತು 1.ಸಿ4 ಆಡಿದರು. 1...ಇ6 2.ಕುದುರೆ ಎಫ್3 ಡಿ5 3.ಡಿ4. ನಿಮಗೆ ಬೇಡವಾದ ಅದೇ ಕ್ವೀನ್ಸ್ ಗ್ಯಾಂಬಿಟ್! ಸ್ಪಾಸ್ಕಿ ತಮಗೆ ಪ್ರಿಯವಾದ ಟಾರ್ಟಕೋವರ್ ರಕ್ಷಣೆಯನ್ನೇ ಹಿಡಿದರು, ಫಿಷರ್ ಗೆದ್ದರು. ಆ 3.ಡಿ4ಗೂ ನಿಮ್ಮ 3.ಡಿ4ಗೂ ಬೋರ್ಡಿನ ಮೇಲೆ ಇರುವ ವ್ಯತ್ಯಾಸ ಮೊದಲು ಹೊರಬಂದ ಕುದುರೆಯದು ಮಾತ್ರ, ಅವರದು ಎಫ್3ರಲ್ಲಿ, ನಿಮ್ಮದು ಸಿ3ರಲ್ಲಿ. ಫಿಷರ್ ಅಲ್ಲಿಗೆ ಹೋಗಬೇಕು ಅಂತಲೇ ಹೋಗಿದ್ದರು, ಮುಂದಿನ ಆಟಕ್ಕೆ ತಯಾರಿ ಇತ್ತು. ನೀವು ಬೇರೆ ದಾರಿ ಕಾಣದೆ ಹೋಗುತ್ತಿದ್ದೀರಿ.

ಇ4ಗೆ ಹೋಗಲಾ ಅಂತ ಕೇಳಿದ್ದೀರಿ. ಇ4 ಇಷ್ಟವಾಗಿ ಹೋಗುವುದಾದರೆ ಸಂತೋಷ. ಟ್ರಾನ್ಸ್‌ಪೊಸಿಷನ್‌ಗೆ ಬೇಸತ್ತು ಹೋಗಬೇಡಿ, ಅಲ್ಲೂ ಅವು ಇವೆ. ಸಿಸಿಲಿಯನ್ ಓದಲು ಟೈಮ್ ಇಲ್ಲ ಅಂತ ಬಹಳ ಜನ 1.ಇ4 ಸಿ5 2.ಸಿ3 ಅಂತ ಅಲಾಪಿನ್ ಆಡುತ್ತಾರೆ. 2...ಇ6 3.ಡಿ4 ಡಿ5 4.ಇ5. ಈಗ ಬೋರ್ಡ್ ನೋಡಿ: 1.ಇ4 ಇ6 2.ಡಿ4 ಡಿ5 3.ಇ5 ಸಿ5 4.ಸಿ3 ಆಡಿದರೆ ಬರುವ ಫ್ರೆಂಚ್ ಅಡ್ವಾನ್ಸ್ ಇದೇ, ಒಂದು ಕಾಯಿಯೂ ಆಚೀಚೆ ಇಲ್ಲ. ಫ್ರೆಂಚ್‌ಗೆ ನೀವು ಅಡ್ವಾನ್ಸ್ ಆಡುವವರಾದರೆ ಇದು ಲಾಭ, ಒಂದನ್ನು ಓದಿದರೆ ಎರಡಕ್ಕೆ ಬಂತು. ಫ್ರೆಂಚ್‌ಗೆ 3.ಕುದುರೆ ಡಿ2 ಆಡುವವರಾದರೆ ಕಷ್ಟ, ಗೊತ್ತಿಲ್ಲದ ಜಾಗ. ಆಗ 4.ಇ×ಡಿ5 ಅಂತ ಬೇರೆ ದಾರಿ ಓದಿಟ್ಟುಕೊಂಡಿರಬೇಕು. ಪೆಟ್ರೋವ್‌ನಲ್ಲೂ ಹೀಗೇ. 1.ಇ4 ಇ5 2.ಕುದುರೆ ಎಫ್3 ಕುದುರೆ ಎಫ್6 3.ಕುದುರೆ×ಇ5 ಡಿ6 4.ಕುದುರೆ ಎಫ್3 ಕುದುರೆ×ಇ4 5.ಡಿ3 ಕುದುರೆ ಎಫ್6 6.ಡಿ4 ಡಿ5. ಸುತ್ತಿ ಬಳಸಿ ಬಂದು ನಿಂತದ್ದು ಫ್ರೆಂಚ್ ಎಕ್ಸ್‌ಚೇಂಜ್‌ನಲ್ಲಿ! ಇದು ಬೇಡ ಅನ್ನುವವರು 2.ಒಂಟೆ ಸಿ4 ಆಡಿ, 2...ಕುದುರೆ ಎಫ್6 3.ಡಿ3 ಕುದುರೆ ಸಿ6 4.ಕುದುರೆ ಎಫ್3 ಅಂತ ಇಟಾಲಿಯನ್‌ಗೆ ಹಿಂಬಾಗಿಲಿನಿಂದ ಹೋಗುತ್ತಾರೆ. ಪೆಟ್ರೋವ್ ತಪ್ಪಿತು. ಆದರೆ ಕಪ್ಪು 3...ಸಿ6 ಆಡಿ ಡಿ5 ತಳ್ಳಬಹುದು, ಅದನ್ನು ಓದಬೇಕು. ನೋಡಿ, ಎಲ್ಲಿ ಹೋದರೂ ಲೆಕ್ಕ ಅದೇ.

ಮಾಡಬೇಕಾದ ಕೆಲಸ ಇಷ್ಟು. ರಾಪಿಡ್‌ನಲ್ಲಿ ನಡೆ ಬರೆಯುವುದು ಕಡ್ಡಾಯವಲ್ಲ, ಹಾಗಂತ ಬಹಳ ಜನ ಬರೆಯುವುದೇ ಇಲ್ಲ. ನೀವು ಆಟ ಮುಗಿದ ಕೂಡಲೇ ಚಹಾ ಕುಡಿಯುತ್ತಾ ಮೊದಲ ಹತ್ತು ನಡೆ ಮಾತ್ರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎಲ್ಲಿಂದ ಪೊಸಿಷನ್ ಅಪರಿಚಿತ ಅನ್ನಿಸಿತೋ ಆ ನಡೆಯ ಕೆಳಗೆ ಗೆರೆ ಎಳೆಯಿರಿ. ಮನೆಗೆ ಬಂದು ಅಲ್ಲಿಂದ ಹಿಂದಕ್ಕೆ ಒಂದೊಂದೇ ನಡೆ ಬನ್ನಿ, ನೀವು ಬೇರೆ ಆಡಬಹುದಾಗಿದ್ದ ಕೊನೆಯ ಜಾಗ ಸಿಗುವವರೆಗೆ. ಇ6 ಆಟದಲ್ಲಿ ಅದು ಎರಡನೇ ನಡೆ ಅಂತ ಮೇಲೆ ನೋಡಿದೆವಲ್ಲ, ಹಾಗೆ. ಲಿಚೆಸ್ ಎಂಬ ಚೆಸ್ ವೆಬ್‌ಸೈಟಿನ ಓಪನಿಂಗ್ ಎಕ್ಸ್‌ಪ್ಲೋರರ್ ಪುಕ್ಕಟೆ ಸಿಗುತ್ತದೆ, ಅದು ನೋಡುವುದು ಪೊಸಿಷನ್ನನ್ನು. ಯಾವ ಕ್ರಮದಲ್ಲಿ ಬಂದರೂ ಅಲ್ಲಿ ಆಟಗಳು ಒಂದೇ ಕಡೆ ಸೇರುತ್ತವೆ. ನಿಮಗೆ ಬೇಕಾದ ಪೊಸಿಷನ್ ಹಾಕಿ, ಜನ ಮುಂದೆ ಏನು ಆಡುತ್ತಾರೆ ಅಂತ ನೋಡಿ. ಆನ್‌ಲೈನ್‌ನಲ್ಲಿ ಆಡುವವರಾದರೆ ನಿಮ್ಮದೇ ಬಿಳಿ ಆಟಗಳನ್ನೂ ಅದರಲ್ಲೇ ತೆಗೆದು ನೋಡಬಹುದು.

ಇಷ್ಟಾದ ಮೇಲೆ ಓದುವ ಟೈಮ್ ಉಳಿಯುತ್ತದೆ. ಅದನ್ನೆಲ್ಲ 1...ಇ5ಗೆ ಹಾಕಿ. ಕ್ವೀನ್ಸ್ ಗ್ಯಾಂಬಿಟ್ಟಿಗೋ ಸಿ6, ಡಿ5 ಆಡುವ ಸ್ಲಾವ್‌ಗೋ ಹೋಗದೆ ಕಪ್ಪು ನಿಮ್ಮ ಸಿ4ಗೆ ನೇರವಾಗಿ ಉತ್ತರ ಕೊಡುವುದು ಅಲ್ಲಿ. 2.ಜಿ3 ಕುದುರೆ ಎಫ್6 3.ಒಂಟೆ ಜಿ2 ಡಿ5 4.ಸಿ×ಡಿ5 ಕುದುರೆ×ಡಿ5 5.ಕುದುರೆ ಸಿ3 ಕುದುರೆ ಬಿ6 6.ಕುದುರೆ ಎಫ್3 ಕುದುರೆ ಸಿ6. ಬಣ್ಣ ಬದಲಾದ ಡ್ರ್ಯಾಗನ್ ಇದು, ಒಂದು ನಡೆ ನಿಮಗೆ ಜಾಸ್ತಿ. ಕ್ಯಾಸ್ಲಿಂಗ್, ಡಿ3, ಎ3, ಬಿ4 ಅಂತ ಮೊದಲು ಯೋಜನೆ ಕಲಿಯಿರಿ, ನಡೆಗಳ ಪಟ್ಟಿ ಆಮೇಲೆ. ಮುಂದಿನ ಟೂರ್ನಮೆಂಟಿನಲ್ಲಿ ಯಾರಾದರೂ 1...ಇ6 ಆಡಿ 2.ಜಿ3ಗೆ 3...ಡಿ4 ವರೆಗೆ ಬಂದರೆ ಆ ಆಟ ನನಗೆ ಕಳಿಸಿ, ಗೆದ್ದರೂ ಸೋತರೂ.